ದಾಟಿಸಿ ಓದಿದ ಸಾಲು

ಹಡಗಲಿ ಕಡೆಯ ಸೊಸೆಯಾಗಿಯೂ ನಾನು ಮಲ್ಲಿಗೆ ಮುಡಿಯುವುದಿಲ್ಲ. ಮದುವೆ ಮನೆಗಳಲ್ಲಿ ಹೂವಿನ ತಟ್ಟೆ ಹಿಡಿದು ಬರುವ ಹುಡುಗಿಯರು ನಾನು ಬೇಡವೆಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಏನೋ ಹರಕೆ ಇರಬೇಕು ಎಂದು ದೊಡ್ಡವರು ಅಂದುಕೊಂಡಿದ್ದಾರೆ. ತಲೆನೋವು ಬರುತ್ತದೆ ಎಂದು ನಾನೂ ಸುಳ್ಳು ಹೇಳಿಕೊಂಡು ಇಷ್ಟು ವರ್ಷ ದೂಡಿದ್ದೇನೆ. ನಿಜ ಹೇಳಿದರೆ ಊಟಕ್ಕೆ ಕೂತವರು ಎಲೆ ಬಿಟ್ಟು ಎದ್ದಾರು. ಮಲ್ಲಿಗೆಯ ವಾಸನೆ ಬಂತೆಂದರೆ ಅದರ ಬೆನ್ನಿಗೇ ನನಗೆ ಮೂತ್ರದ ವಾಸನೆಯೂ ಬರುತ್ತದೆ.

ಕಳೆದ ತಿಂಗಳು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ, ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಕೊಟ್ರಮ್ಮಕ್ಕ. ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ವಾರಗಿತ್ತಿ. ಅವಳ ಮಗಳು ಸುಮಾ ಒಳಗೆ ಡಾಕ್ಟರ ಹತ್ತಿರ ಮಾತಾಡುತ್ತಿದ್ದಳು. ಅಷ್ಟರಲ್ಲಿ ಮುಡಿ ತುಂಬ ಮಲ್ಲಿಗೆ ಮಾಲೆ ಇಳಿಬಿಟ್ಟುಕೊಂಡ ಹೆಂಗಸೊಬ್ಬಳು ಬಂದು ನಮ್ಮ ಬೆಂಚಿನ ತುದಿಗೆ ಕೂತಳು. ನಾನು ಗೊತ್ತಿಲ್ಲದೆಯೇ ಸೆರಗು ಮೂಗಿಗೆ ತಂದುಕೊಂಡೆ. ಅಕ್ಕ ಓರೆಗಣ್ಣಿನಿಂದ ನನ್ನನ್ನು ನೋಡಿ, "ಇನ್ನೂ ಹೋಗಿಲ್ಲೇನು ನಿನಗ ಅದು?" ಎಂದಳು. ಹೋಗಿಲ್ಲ ಎಂದು ತಲೆಯಾಡಿಸಿದೆ. ಅಕ್ಕನಿಗೆ ಯಾವತ್ತೋ ಹೋಗಿದೆ. ಅನುಭವಿಸಿದವಳಿಗೆ ಹೋಗಿ, ನೋಡುತ್ತ ನಿಂತವಳಿಗೆ ಉಳಿದುಕೊಂಡಿದೆ.

ನಾನು ಮದುವೆಯಾಗಿ ಬಂದ ಎರಡನೆಯ ವರ್ಷದ ಮಾತು ಇದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹರಪನಹಳ್ಳಿ ಪೇಟೆಯ ಹುಡುಗಿ, ಪಿ.ಯು.ಸಿ. ಪಾಸಾದವಳು, ಅದರ ಜಂಬವೂ ಸಾಕಷ್ಟಿದ್ದವಳು. ಹಡಗಲಿಯಿಂದ ಮೂರು ಮೈಲಿ ದೂರದ ಹಳ್ಳಿಯಲ್ಲಿ ಗಂಡನ ಮನೆ, ಊರಾಚೆ ಒಂದು ಎಕರೆ ಮಲ್ಲಿಗೆ ತೋಟ. ಮನೆಯಲ್ಲಿ ಅತ್ತೆ ಬಸಮ್ಮ, ಭಾವ, ಅಕ್ಕ, ಅವಳ ಮೂವರು ಮಕ್ಕಳು, ನಾನು, ನನ್ನ ಗಂಡ. ಬೆಳಕು ಹರಿಯುವ ಹೊತ್ತಿಗೆ ನಾವು ಮೂವರು ಹೆಂಗಸರು ತೋಟದಲ್ಲಿರಬೇಕು. ಬಿಸಿಲೇರಿ ಮೊಗ್ಗು ಬಾಯಿ ಬಿಡುವುದರೊಳಗೆ ಬಿಡಿಸಿ, ಒದ್ದೆ ಬಟ್ಟೆ ಹಾಸಿದ ಬುಟ್ಟಿಗೆ ತುಂಬಬೇಕು. ಗಂಡಸರು ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಎಂಟರ ಬಸ್ಸಿಗೆ ಮುಟ್ಟಿಸಬೇಕು. ಬಸ್ಸು ತಪ್ಪಿದರೆ ಆ ದಿನದ ಹೂವು ಕಸ.

ನಮ್ಮದು ಕೊರಳಲ್ಲಿ ಲಿಂಗವಿರುವ ಮನೆ. ಹೆಂಗಸು ಮುಟ್ಟಾದರೆ ಅಡುಗೆಮನೆಗೆ ಅಡ್ಡಿಯಿರಲಿಲ್ಲ, ಪೂಜೆಗೂ ಅಡ್ಡಿಯಿರಲಿಲ್ಲ. ತೋಟಕ್ಕೆ ಮಾತ್ರ ಅಡ್ಡಿ. ತೋಟದ ಬಾಯಲ್ಲಿ ಮೊಳಕಾಲೆತ್ತರದ ಒಂದು ಕಲ್ಲು ನಿಲ್ಲಿಸಿದ್ದರು. ಹೊರಗಾದವಳು ಆ ಕಲ್ಲು ದಾಟಬಾರದು, ಅವಳ ನೆರಳು ಬಿದ್ದರೆ ಮೊಗ್ಗು ಕೆಂಪಾಗುತ್ತವೆ ಎಂದು ನಂಬಿಕೆ. ಲಿಂಗಕ್ಕೆ ಆಗದ ಮೈಲಿಗೆ ಗಿಡಕ್ಕೆ ಹೇಗೆ ಆಗುತ್ತದೆ ಎಂದು ಹೊಸದರಲ್ಲಿ ಒಮ್ಮೆ ಅತ್ತೆಯನ್ನು ಕೇಳಿದ್ದೆ. "ಲಿಂಗ ಹೂವು ಬಿಡೂದಿಲ್ಲವ್ವ, ಗಿಡ ಬಿಡತಾವ" ಎಂದು ಅತ್ತೆ ಬುಟ್ಟಿ ಎತ್ತಿಕೊಂಡು ಹೋಗಿಬಿಟ್ಟಿದ್ದಳು. ಅದಕ್ಕೆ ಎದುರುತ್ತರ ನನ್ನ ಪಿ.ಯು.ಸಿ.ಯಲ್ಲಿ ಇರಲಿಲ್ಲ.

ಅಕ್ಕ ಕೂಡ್ಲಿಗಿ ಕಡೆಯ ಮಳೆ ನಂಬಿದ ಹೊಲದವರ ಮಗಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ತೋಟದೊಳಗೆ ಕಾಲಿಟ್ಟಳೆಂದರೆ ಅವಳೇ ಯಜಮಾನಿ. ಎರಡೂ ಕೈಯಿಂದ ಒಟ್ಟಿಗೆ ಮೊಗ್ಗು ಬಿಡಿಸುತ್ತಿದ್ದಳು, ಬಲಗೈ ಒಂದು ರೆಂಬೆ, ಎಡಗೈ ಇನ್ನೊಂದು. ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಅವಳದು ಎರಡೂವರೆ ಸಾಲು ಆಗಿರುತ್ತಿತ್ತು. ಅತ್ತೆ ಯಾರನ್ನೂ ಬಾಯಿಬಿಟ್ಟು ಹೊಗಳಿದವಳಲ್ಲ, ಆದರೂ ಯಾವ ಗಿಡಕ್ಕೆ ನೀರು, ಯಾವುದಕ್ಕೆ ಗೊಬ್ಬರ ಎಂದು ಅಕ್ಕನನ್ನೇ ಕೇಳುತ್ತಿದ್ದಳು. ಆ ಮನೆಯಲ್ಲಿ ಅಕ್ಕನಿಗೆ ಇದ್ದ ಮರ್ಯಾದೆಯೆಲ್ಲ ಆ ಒಂದು ಎಕರೆಯೊಳಗೆ ಇತ್ತು.

ಮೂರನೆಯ ಹೆರಿಗೆಯಾಗಿ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡ ಮೇಲೆ ಅವಳಿಗೆ ಮುಟ್ಟು ಹದ ತಪ್ಪಿತು. ಐದು ದಿನದ್ದು ಹತ್ತಾಯಿತು, ಹತ್ತು ಹದಿನೈದಾಯಿತು. ತಿಂಗಳಲ್ಲಿ ಅರ್ಧ ಅವಳು ಕಲ್ಲಿನ ಆಚೆಗೇ. ರೊಟ್ಟಿಯ ಗಂಟು ತಂದು ಕಲ್ಲಿನ ಹತ್ತಿರ ಇಟ್ಟು, ನಮ್ಮನ್ನು ಕೂಗಿ, ನಾವು ಬರುವವರೆಗೂ ನಿಂತು ಗಿಡಗಳನ್ನೇ ನೋಡುತ್ತಿದ್ದಳು. ಆ ಮೂಲೆಯ ಗಿಡ ಬಿಟ್ಟಿದ್ದೀರಿ, ಈ ರೆಂಬೆಯ ಕೆಳಗೆ ಮೊಗ್ಗು ಉಳಿದಿವೆ ಎಂದು ಅಲ್ಲಿಂದಲೇ ಹೇಳುತ್ತಿದ್ದಳು. ಮುಖ ಬಿಳಿಚಿಕೊಂಡು ತುಟಿಗೂ ಕೆನ್ನೆಗೂ ಬಣ್ಣದ ವ್ಯತ್ಯಾಸ ಇರಲಿಲ್ಲ. ಆಗ ಅವಳಿಗೆ ಇಪ್ಪತ್ತೊಂಬತ್ತು ದಾಟಿರಲಿಲ್ಲ.

ನಮ್ಮ ಓಣಿಯಲ್ಲಿ ಇದಕ್ಕೆ ಒಂದು ಸಿದ್ಧ ಔಷಧ ಇತ್ತು. ಗರ್ಭಚೀಲ ತೆಗೆಸಿಬಿಡುವುದು. ಅತ್ತೆ ನಲವತ್ತಕ್ಕೆ ತೆಗೆಸಿದ್ದಳು. ಎದುರು ಮನೆಯವಳು ತೆಗೆಸಿದ್ದಳು, ಅವಳ ತಂಗಿ ತೆಗೆಸಿದ್ದಳು. ಕೊಟ್ಟೂರಿಂದ ಬಂದ ನೆಂಟರು, ಹಗರಿಬೊಮ್ಮನಹಳ್ಳಿಯ ಬೀಗರು, ಯಾರು ಬಂದರೂ ತೆಗೆಸಿದವರ ಹೆಸರು ನಾಲ್ಕು ಹೇಳಿ ಹೋಗುತ್ತಿದ್ದರು. ಅದನ್ನು ಯಾರೂ ಕಾಯಿಲೆಯ ಮಾತಿನಂತೆ ಆಡುತ್ತಿರಲಿಲ್ಲ, ದೊಡ್ಡ ಬಿಡುಗಡೆಯ ಮಾತಿನಂತೆ ಆಡುತ್ತಿದ್ದರು. ಅತ್ತೆಯಂತೂ ಎದೆ ಸೆಟೆಸಿ, "ನನ್ನ ನೋಡು. ತೆಗೆಸಿದ ಮ್ಯಾಲ ಒಂದಿನ ತೋಟ ತಪ್ಪಿಸಿಲ್ಲ" ಎನ್ನುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ, ಅದೂ ನಿಜ. ಏನಾದರೂ ಆದವರು ಹೇಳಿಕೊಳ್ಳುತ್ತಿರಲಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು.

ಈಗ ನನ್ನ ಪಾಲಿನದನ್ನು ಹೇಳಬೇಕು. ನಾನು ಮನೆಯಲ್ಲೇ ಓದಿಕೊಂಡು ಬಿ.ಎ. ಪರೀಕ್ಷೆಗೆ ಕಟ್ಟಿದ್ದೆ. ಮೇ ತಿಂಗಳಲ್ಲಿ ಹರಪನಹಳ್ಳಿಗೆ ಹೋಗಿ ತವರಿನಲ್ಲಿದ್ದು ಬರೆಯಬೇಕು. ಮೇ ಎಂದರೆ ಮಲ್ಲಿಗೆ ಸುರಿಯುವ ಕಾಲ, ಕೈ ಸಾಲದ ಕಾಲ. ಹಿಂದಿನ ವರ್ಷ ಅಕ್ಕ ಹೊರಗಿದ್ದಳೆಂದು ನನ್ನನ್ನು ಕಳಿಸಿರಲಿಲ್ಲ. ಬೆಳಕಿಗೆ ಮುಂಚೆ ಎದ್ದು, ಬಗ್ಗಿ ಬಗ್ಗಿ ಸೊಂಟ ಹಿಡಿದು, ಮಧ್ಯಾಹ್ನ ಪುಸ್ತಕ ತೆರೆದರೆ ಅದರ ಮೇಲೇ ನಿದ್ದೆ ಹೋಗುತ್ತಿದ್ದೆ. ಅಕ್ಕ ಹೊರಗಾದಳೆಂದು ಕೇಳಿದರೆ ಅಯ್ಯೋ ಪಾಪ ಎನಿಸುವುದರ ಬದಲು ಸಿಟ್ಟು ಬರುತ್ತಿತ್ತು. ಆ ವರ್ಷ ಶಿವರಾತ್ರಿ ಮುಗಿದ ಮೇಲೆ ಅತ್ತೆ ನನ್ನನ್ನು ಕರೆದು, ಕೊಟ್ರಿ ಒಮ್ಮೆ ಆಪರೇಷನ್ ಮಾಡಿಸಿಕೊಂಡು ತೋಟಕ್ಕೆ ನಿಂತಳೆಂದರೆ ನೀನು ಪರೀಕ್ಷೆಗೆ ಹೋಗು, ಆಕೆಗೆ ನೀನೇ ತಿಳಿಸಿ ಹೇಳು, ಓದಿದವಳ ಮಾತು ಕೇಳುತ್ತಾಳೆ ಎಂದಳು. ನಾನು ಹೇಳಿದೆ. ಒಂದು ದಿನ ಅಲ್ಲ, ಎಂಟು ದಿನ ಹೇಳಿದೆ. ಏನೂ ಆಗಲ್ಲ ಅಕ್ಕ, ಒಂದು ತಿಂಗಳು ಮಲಗಿದರೆ ಮುಗಿಯಿತು ಎಂದೆ. ಯಾವ ಆಧಾರದ ಮೇಲೆ ಹೇಳಿದೆ ಎಂದರೆ ಯಾವ ಆಧಾರದ ಮೇಲೂ ಅಲ್ಲ.

ಹೋದದ್ದು ಒಂದು ಖಾಸಗಿ ಆಸ್ಪತ್ರೆಗೆ. ಯಾವ ಊರು ಎಂದು ಹೇಳುವುದಿಲ್ಲ, ಈಗ ಆ ಆಸ್ಪತ್ರೆಯೂ ಇಲ್ಲ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಚೀಲದಲ್ಲಿ ಬಾವು ಇದೆ, ಬಿಟ್ಟರೆ ಮುಂದೆ ಕ್ಯಾನ್ಸರ್ ಆದರೂ ಆಯಿತು, ತೆಗೆದುಬಿಡೋಣ ಎಂದರು. ಗುಳಿಗೆಯಿಂದ ಆಗುತ್ತದೆಯೇ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಕ್ಕ ಕೇಳಿದ್ದು ಒಂದೇ ಮಾತು, ತೋಟಕ್ಕೆ ಎಂದಿನಿಂದ ಹೋಗಬಹುದು ಎಂದು. ಒಂದೂವರೆ ತಿಂಗಳು ಬಿಟ್ಟು ಎಂದರು. ಅಕ್ಕ ಬೆರಳು ಮಡಿಸಿ ಎಣಿಸಿ ನನ್ನ ಕಡೆ ನೋಡಿ ನಕ್ಕಳು. ಮೇ ತಿಂಗಳಿಗೆ ಸರಿಹೋಗುತ್ತಿತ್ತು.

ಒಳಗಿಂದ ಒಬ್ಬ ನರ್ಸ್ ಬಂದು ಅಚ್ಚು ಹಾಕಿದ ಒಂದು ಕಾಗದ ಕೊಟ್ಟಳು. ಓದಿ ಹೇಳಿ, ಇವರ ಹೆಬ್ಬೆಟ್ಟು ಒತ್ತಿಸಿ, ಕೆಳಗೆ ಸಾಕ್ಷಿ ಎಂದಿರುವಲ್ಲಿ ನೀವು ಸಹಿ ಹಾಕಿ ಎಂದಳು. ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ಅಕ್ಕ ಮಂಚದ ಮೇಲೆ ಕೂತಿದ್ದಳು, ನಾನು ಪಕ್ಕದಲ್ಲಿ ಕೂತು ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದೆ. ಅರಿವಳಿಕೆ ಕೊಡುವುದರಿಂದ ಆಗಬಹುದಾದ ತೊಂದರೆ, ಓದಿದೆ. ರಕ್ತ ಹೋಗಿ ಬೇರೆ ರಕ್ತ ಕೊಡಬೇಕಾಗಬಹುದು, ಓದಿದೆ. ಗಾಯ ಕೀವಾಗಬಹುದು, ಓದಿದೆ. ನಾಲ್ಕನೆಯ ಸಾಲು, ಮೂತ್ರಕೋಶಕ್ಕೆ ಪೆಟ್ಟಾಗಿ ಮೂತ್ರ ಸೋರಬಹುದು, ಅದಕ್ಕೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದಿತ್ತು. ಐದನೆಯದು, ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಂತ ಹೆಂಗಸರಿಗೆ ಬರುವ ತೊಂದರೆಗಳು ಚಿಕ್ಕ ವಯಸ್ಸಿಗೇ ಬರಬಹುದು ಎಂದು. ಕಣ್ಣು ಎರಡನ್ನೂ ಓದಿತು. ಬಾಯಿ ಓದಲಿಲ್ಲ.

ಯಾಕೆ ಓದಲಿಲ್ಲ ಎಂದು ನೂರು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅತ್ತೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತು ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಳು. ಮರುದಿನ ಹೂವು ಬಿಡಿಸಲು ನಾವಿಬ್ಬರೂ ಊರಿಗೆ ವಾಪಸಾಗಬೇಕಿತ್ತು, ಭಾವ ಅಕ್ಕನ ಹತ್ತಿರ ಉಳಿಯುವವನಿದ್ದ. ಆದರೆ ಬಸ್ಸು ನೆಪ. ಸೋರುವ ಮಾತು ಕೇಳಿದರೆ ಅಕ್ಕ ಮಂಚ ಬಿಟ್ಟು ಏಳುತ್ತಾಳೆ, ಎದ್ದರೆ ಈ ವರ್ಷವೂ ನನ್ನ ಪರೀಕ್ಷೆ ಹೋಯಿತು, ಇದು ಆ ಕ್ಷಣ ನನ್ನ ತಲೆಯಲ್ಲಿದ್ದದ್ದು. ಇಷ್ಟು ಸ್ಪಷ್ಟವಾಗಿ ಇತ್ತೇ ಎಂದರೆ ಇತ್ತು. "ಉಳಿದದ್ದೆಲ್ಲ ಇಂಥಾದ್ದೇ ಅಕ್ಕ" ಎಂದು ಕೊನೆಯ ಸಾಲಿಗೆ ಹೋದೆ. ಅಕ್ಕ ಹೆಬ್ಬೆಟ್ಟು ಒತ್ತಿದಳು. ನಾನು ಸಾಕ್ಷಿ ಸಹಿ ಹಾಕಿದೆ, ಚಂದದ ಸಹಿ, ಕೆಳಗೆ ಗೆರೆ ಎಳೆದು ಎರಡು ಚುಕ್ಕೆ ಇಡುತ್ತಿದ್ದೆ ಆಗ.

ಎಂಟನೆಯ ದಿನ ಅಕ್ಕ ಮನೆಗೆ ಬಂದಳು. ಬಂದ ನಾಲ್ಕನೆಯ ದಿನ ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತು. ತಂಬಿಗೆ ನೀರು ಚೆಲ್ಲಿರಬೇಕೆಂದು ಅತ್ತೆ ಬೈದಳು. ಮಧ್ಯಾಹ್ನ ಎದ್ದು ನಿಂತ ಅಕ್ಕನ ಕಾಲಗುಂಟ ನೀರು ಇಳಿದು ನೆಲದ ಮೇಲೆ ಹರಿಯಿತು. ಅವಳಿಗೆ ತಡೆಯಲು ಆಗಲಿಲ್ಲ, ತಡೆಯಲು ಏನೂ ಸಿಗುತ್ತಲೂ ಇರಲಿಲ್ಲ. "ನನಗ ತಿಳಿಯೂದ ಇಲ್ಲ ತಂಗಿ, ತಾನಾಗೇ ಹೊಂಟೈತಿ" ಎಂದಳು. ನನ್ನ ಕಣ್ಣ ಮುಂದೆ ನಾಲ್ಕನೆಯ ಸಾಲು ಬಂದು ನಿಂತಿತು. ನಾನು ಒಂದು ಬಟ್ಟೆ ತಂದು ನೆಲ ಒರೆಸಿದೆ.

ಮತ್ತೆ ಅದೇ ಆಸ್ಪತ್ರೆಗೆ ಹೋದೆವು. ಎರಡು ವಾರ ರಬ್ಬರ್ ನಳಿಗೆ ಹಾಕಿ ಇಟ್ಟರು, ತಾನಾಗಿ ಮುಚ್ಚಿಕೊಳ್ಳಬಹುದು ಎಂದರು. ಮುಚ್ಚಲಿಲ್ಲ. ಮೂರು ತಿಂಗಳು ಗಾಯ ಮಾಗಬೇಕು, ಅಲ್ಲಿಯವರೆಗೆ ಮತ್ತೆ ಹೊಲಿಯಲಾಗದು, ಆಮೇಲೆ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದರು. ಆ ಮೂರು ತಿಂಗಳು ನಾವು ಬದುಕಿದ ರೀತಿಯನ್ನು ಈಗಲೂ ಯಾರ ಮುಂದೆಯೂ ಹೇಳುವುದಿಲ್ಲ.

ಅಕ್ಕನಿಗೆ ಹಿತ್ತಲಿನ ಹೊಟ್ಟಿನ ಕೋಣೆ ಕೊಟ್ಟರು. ದನದ ಹೊಟ್ಟು ಒಂದು ಮೂಲೆಗೆ ಸರಿಸಿ, ಒಂದು ಹಗ್ಗದ ಮಂಚ, ಕೆಳಗೊಂದು ಬೋಗುಣಿ. ಹಳೆಯ ಸೀರೆಗಳನ್ನೆಲ್ಲ ಹರಿದು ತುಂಡು ಮಾಡಿದೆವು. ದಿನಕ್ಕೆ ಹನ್ನೆರಡು, ಹದಿಮೂರು ತುಂಡು. ತೋಟದಿಂದ ಬಂದು ಅವನ್ನು ಒಗೆಯುವುದು ನನ್ನ ಕೆಲಸ, ನಾನೇ ಕೇಳಿ ತೆಗೆದುಕೊಂಡದ್ದು. ಅವಳ ತೊಡೆಯ ಚರ್ಮ ಸುಲಿದು ಕೆಂಪಾಗಿತ್ತು, ಕೊಬ್ಬರಿ ಎಣ್ಣೆ ಹಚ್ಚುವಾಗ ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದಳು. ಕಡಿಮೆ ಸೋರಲಿ ಎಂದು ನೀರು ಕುಡಿಯುವುದನ್ನೇ ಬಿಟ್ಟಳು. ಅದರಿಂದ ಉರಿ ಇನ್ನೂ ಹೆಚ್ಚಾಯಿತು, ವಾಸನೆಯೂ ಹೆಚ್ಚಾಯಿತು. ಕುಡಿ ಎಂದು ಹೇಳುವಷ್ಟು ತಿಳಿವಳಿಕೆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಬಿ.ಎ. ಓದುತ್ತಿದ್ದವಳಿಗೂ.

ಅದರ ಜೊತೆಗೆ ಇನ್ನೊಂದು. ಕೂತಲ್ಲೇ ಇದ್ದಕ್ಕಿದ್ದಂತೆ ಅವಳ ಮುಖ ಕೆಂಡವಾಗಿ ಬೆವರು ಸುರಿಯುತ್ತಿತ್ತು. ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತೆ ಆಗುತ್ತದೆ ಎನ್ನುತ್ತಿದ್ದಳು. ಬೇಸಿಗೆ ಅಲ್ಲವೇ, ಹೊಟ್ಟಿನ ಕೋಣೆಯ ತಗಡಿನ ಕಾವು ಎಂದು ಅತ್ತೆ ಹೇಳಿದಳು. ನಾನು ಐದನೆಯ ಸಾಲು ನೆನೆದುಕೊಂಡು ಬಾಯಿ ಮುಚ್ಚಿಕೊಂಡೆ. ಓದದೆ ಬಿಟ್ಟ ಎರಡು ಸಾಲುಗಳು ಒಂದಾದ ಮೇಲೊಂದು ಬಂದು ಆ ಕೋಣೆಯಲ್ಲಿ ಕೂತಿದ್ದವು, ಅವು ಏನೆಂದು ಗೊತ್ತಿದ್ದವಳು ನಾನೊಬ್ಬಳೇ.

ಆ ವರ್ಷ ಮಲ್ಲಿಗೆ ಹಿಂದೆಂದೂ ಬಾರದಷ್ಟು ಬಂತು. ಎಷ್ಟು ಬಿಡಿಸಿದರೂ ಮುಗಿಯದು. ಬಸ್ಸಿಗೆ ಹೋಗಿ ಮಿಕ್ಕಿದ್ದನ್ನು ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂತು ಮಾಲೆ ಕಟ್ಟುತ್ತಿದ್ದರು. ಹದಿನೈದು ದಿನದಲ್ಲಿ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಯಾರೂ ಏನೂ ಅನ್ನಲಿಲ್ಲ, ಮಕ್ಕಳಿಗೆ ಜ್ವರ, ಮನೆಗೆ ನೆಂಟರು ಎಂದು ಏನೋ ಒಂದು. ಒಂದು ದಿನ ನಾನು ಒಂದು ಬುಟ್ಟಿ ಮೊಗ್ಗು ತೆಗೆದುಕೊಂಡು ಹೋಗಿ ಅಕ್ಕನ ಕೋಣೆಯಲ್ಲಿ ಇಟ್ಟೆ, ವಾಸನೆ ಮುಚ್ಚೀತು ಎಂದು. ಸಂಜೆಗೆ ಅವೆಲ್ಲ ಅರಳಿದವು. ಮುಚ್ಚಲಿಲ್ಲ, ಎರಡೂ ಕಲೆತು ಒಂದಾಯಿತು. ಅಕ್ಕ ಬುಟ್ಟಿಯನ್ನು ಕಾಲಿನಿಂದ ಬಾಗಿಲಾಚೆ ನೂಕಿ, "ಇದನ್ನ ತರಬ್ಯಾಡವ್ವ. ಇದರ ಸಲುವಾಗೇ ಇಷ್ಟೆಲ್ಲಾ ಆತು" ಎಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆ ಒಂದೇ ದಿನ.

ಅವಳನ್ನು ಕೂಡ್ಲಿಗಿಗೆ ತವರಿಗೆ ಕಳಿಸುವ ಮಾತು ಎದ್ದಿತು. ಭಾವ ಕಟ್ಟೆಯ ಮೇಲೆ ಕೂತು ನೆಲ ಕೆರೆಯುತ್ತಿದ್ದ, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೇಡವೆಂದವಳು ಅತ್ತೆ. ಒಂದು ಮಧ್ಯಾಹ್ನ ನಾನು ಬಟ್ಟೆ ಹರವಿ ಬರುವಾಗ ಅವಳು ಹೊಟ್ಟಿನ ಕೋಣೆಯ ಹೊಸ್ತಿಲ ಮೇಲೆ ಕೂತು, ಅಕ್ಕನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. "ನನಗ ಏನೂ ಆಗಿರಲಿಲ್ಲ ಕೊಟ್ರಿ" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಅಕ್ಕ ತಲೆ ಕೊಟ್ಟು ಕೂತಿದ್ದಳು. ಅತ್ತೆಯ ಮೇಲೆ ಸಿಟ್ಟು ಹಾಕಿ ಹಗುರಾಗೋಣ ಎಂದರೆ ಆ ದಾರಿಯೂ ನನಗೆ ಅಂದಿಗೆ ಮುಚ್ಚಿತು.

ಮೇ ಬಂತು. ಪರೀಕ್ಷೆಗೆ ಹೋಗುವುದಿಲ್ಲ ಎಂದು ನಿಶ್ಚಯ ಮಾಡಿದ್ದೆ. ಅಕ್ಕನೇ ಕರೆದು, ನೀನು ಹೋಗದಿದ್ದರೆ ನನಗೇನು ಒಣಗಿಹೋಗುತ್ತದೆಯೇ, ಹೋಗಿ ಬರೆದು ಬಾ ಎಂದಳು. ಹೋದೆ. ಹತ್ತು ದಿನ ಅಕ್ಕನ ಬಟ್ಟೆ ಅತ್ತೆ ಒಗೆದಳು, ಹತ್ತು ದಿನ ನಾನು ತವರಿನಲ್ಲಿ ಅಮ್ಮನ ಕೈಯ ಬಿಸಿ ಅನ್ನ ಉಂಡು ಪರೀಕ್ಷೆ ಬರೆದೆ. ಪಾಸೂ ಆದೆ. ಆ ಪಾಸಿನಿಂದ ಮುಂದೆ ಓದಿ, ನೌಕರಿ ಸಿಕ್ಕು, ಹರಪನಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಸಾಲಿನ ಮೇಲೆ ಬೆರಳಿಟ್ಟು ಓದುವುದನ್ನು ಕಲಿಸಿಯೇ ಇಷ್ಟು ವರ್ಷ ಅನ್ನ ತಿಂದಿದ್ದೇನೆ. ಮಗು ಒಂದು ಸಾಲು ದಾಟಿಸಿದರೆ ನನಗೆ ಬರುತ್ತಿದ್ದ ಸಿಟ್ಟು ಜೊತೆಯ ಮೇಷ್ಟ್ರುಗಳಿಗೆ ಅರ್ಥವಾಗುತ್ತಿರಲಿಲ್ಲ.

ಮುಂಗಾರು ಹಿಡಿದ ಮೇಲೆ ಬಳ್ಳಾರಿಗೆ ಹೋದೆವು. ಅಕ್ಕನ ಜೊತೆ ಆಸ್ಪತ್ರೆಯಲ್ಲಿರಲು ನಾನು ಹೊರಟೆ. ಬಸ್ಸಿನಲ್ಲಿ ಅವಳು ಸೀಟಿನ ಮೇಲೆ ಕೂರಲಿಲ್ಲ, ಹಿಂದಿನ ಬಾಗಿಲ ಹತ್ತಿರ ಗೋಣಿ ಹಾಸಿಕೊಂಡು ಕೂತಳು. ನಾನೂ ಅಲ್ಲೇ ಕೂತೆ. ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ನೋಡಿದ್ದು ನಡುವಯಸ್ಸಿನ ಒಬ್ಬ ಲೇಡಿ ಡಾಕ್ಟರು. ಹಳೆಯ ಚೀಟಿಗಳನ್ನೆಲ್ಲ ಓದಿ, ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯ ತೆಗೆದಿದ್ದಾರೆ, ಆ ಕಾವು ಬೆವರು ಅದರಿಂದ, ಮುಂದೆ ಮೂಳೆಯೂ ಬೇಗ ಸವೆಯುತ್ತದೆ, ಗುಳಿಗೆ ಬಿಡಬೇಡಿ ಎಂದರು. ಮೊದಲು ಗುಳಿಗೆ ಕೊಟ್ಟು ನೋಡಬಹುದಿತ್ತು, ಚೂರು ತೆಗೆದು ಪರೀಕ್ಷೆಗೆ ಕಳಿಸಬಹುದಿತ್ತು ಎಂದೂ ಹೇಳಿದರು. ಆಮೇಲೆ ಚೀಟಿಯ ಹಿಂಬದಿಗೆ ಒಂದು ಚಿತ್ರ ಬರೆದರು. ಗರ್ಭಕೋಶಕ್ಕೂ ಮೂತ್ರಕೋಶಕ್ಕೂ ನಡುವೆ ಜಾಗವೇ ಇಲ್ಲ, ಎರಡು ಮನೆಗೆ ಒಂದೇ ಗೋಡೆ ಇದ್ದಂತೆ, ಒಂದು ಮನೆ ಕೆಡವುವಾಗ ಇನ್ನೊಂದರ ಗೋಡೆಗೆ ಪೆಟ್ಟು ಬೀಳಬಹುದು, ಎಷ್ಟು ಜೋಪಾನ ಮಾಡಿದರೂ ಕೆಲವರಿಗೆ ಬೀಳುತ್ತದೆ ಎಂದರು. ಅಕ್ಕ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ತನ್ನೊಳಗೆ ಏನಿತ್ತು, ಏನು ಹೋಯಿತು ಎಂಬುದನ್ನು ಅವಳು ಕಂಡದ್ದು ಅದೇ ಮೊದಲು.

"ಹೀಗಾಗಬಹುದು ಅಂತ ಆಪರೇಷನ್‌ಗೆ ಮುಂಚೆ ನಿಮಗೆ ಯಾರೂ ಹೇಳಲಿಲ್ವಾ?" ಎಂದು ಡಾಕ್ಟರು ಕೇಳಿದರು.

ಅಕ್ಕ ಚಿತ್ರದಿಂದ ಕಣ್ಣೆತ್ತದೆ, "ಓದಿ ಹೇಳ್ಯಾರ್ರಿ. ನಾನ ಹೆಬ್ಬೆಟ್ಟು ಒತ್ತೀನಿ" ಎಂದಳು.

ಆಪರೇಷನ್ ಆಯಿತು. ಮತ್ತೆ ಎರಡು ವಾರ ನಳಿಗೆ. ಹೊರಗೆ ಬಿಡದ ಜಡಿಮಳೆ, ಒಳಗೆ ಮೂವತ್ತು ಮಂಚದ ವಾರ್ಡು. ಅಲ್ಲಿ ಅಕ್ಕನಂಥವರೇ ಇನ್ನೂ ಮೂವರಿದ್ದರು, ಒಬ್ಬಳು ಹಗರಿಬೊಮ್ಮನಹಳ್ಳಿ ಕಡೆಯವಳು, ಗಂಡನ ಮನೆಯವರು ತವರಿಗೆ ಕಳಿಸಿ ಮೂರು ವರ್ಷವಾಗಿತ್ತಂತೆ. ನಮ್ಮ ಓಣಿಯಲ್ಲಿ ಯಾರಿಗೂ ಏನೂ ಆಗಿಲ್ಲ ಎಂದು ನಾವು ನಂಬಿದ್ದೆವಲ್ಲ, ಆದವರೆಲ್ಲ ಇಂಥ ವಾರ್ಡುಗಳಲ್ಲಿ, ಹೊಟ್ಟಿನ ಕೋಣೆಗಳಲ್ಲಿ ಇದ್ದರು. ನಳಿಗೆ ತೆಗೆದ ಮರುದಿನ ಬೆಳಿಗ್ಗೆ ಅಕ್ಕ ನನ್ನ ಕೈ ಹಿಡಿದು ಹಾಸಿಗೆಯ ಮೇಲೆ ಇರಿಸಿಕೊಂಡು, ನೋಡು ಎಂದಳು. ನಾನು ಮುಟ್ಟಿ ನೋಡಿದೆ, ಹೊದಿಕೆ ಸರಿಸಿ ಮತ್ತೆ ಮುಟ್ಟಿ ನೋಡಿದೆ. ಹಾಸಿಗೆ ಒಣಗಿತ್ತು.

ಆ ಸಂತೋಷ ನನಗೆ ತಡೆಯಲಾಗಲಿಲ್ಲ. ವಾರ್ಡಿನ ಹೊರಗಿನ ವರಾಂಡದಲ್ಲಿ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿಬಿಟ್ಟೆ. ಎರಡು ಸಾಲು ಇತ್ತು ಅಕ್ಕ, ನಾನು ಓದಲಿಲ್ಲ, ಬೇಕೆಂದೇ ಓದಲಿಲ್ಲ, ಪರೀಕ್ಷೆಗೋಸ್ಕರ ಎಂದೆ. ಅವಳು ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಅವಳು ಮಳೆಯ ಕಡೆ ನೋಡುತ್ತ ಕೂತಿದ್ದಳು.

"ಗೊತ್ತೈತಿ" ಎಂದಳು. "ನಿನ್ನ ಬೆರಳು ಎರಡು ಸಾಲು ಬಿಟ್ಟು ಕೆಳಗ ಹೋತು. ಓದು ಬರದಾಕಿ ಇರಬಹುದು ನಾನು, ಕಣ್ಣಿಲ್ಲದಾಕಿ ಅಲ್ಲ."

ಹಾಗಾದರೆ ಅವತ್ತೇ ಯಾಕೆ ಕೇಳಲಿಲ್ಲ ಎಂದು ತೊದಲಿದೆ.

"ಕೇಳಿದ್ರ ನೀನು ಓದತಿದ್ದಿ. ಓದಿದ್ರ ನಾನು ಅಂಜಿ ಎದ್ದು ಬರತಿದ್ದೆ. ಎದ್ದು ಎಲ್ಲಿಗೆ ಬರಬೇಕಿತ್ತು ತಂಗಿ? ಅದ ಕಲ್ಲಿನ ಹತ್ರ ರೊಟ್ಟಿ ಗಂಟು ಹಿಡಕೊಂಡು ನಿಂದ್ರಾಕ?"

ಕ್ಷಮಿಸಿದಳು ಎಂದು ನಾನು ಅಂದುಕೊಳ್ಳಲಿಲ್ಲ, ಬೈದಳು ಎಂದೂ ಅಂದುಕೊಳ್ಳಲಿಲ್ಲ. ಅವಳು ತಾನಿದ್ದ ಜಾಗವನ್ನು ತೋರಿಸಿದಳು ಅಷ್ಟೆ. ಆ ಕಡೆ ಕಲ್ಲು, ಈ ಕಡೆ ಕಾಗದ.

ಊರಿಗೆ ಬಂದಾಗ ಹೂವಿನ ಕಾಲ ಮುಗಿದಿತ್ತು. ಅತ್ತೆಯೇ ಬಂದು ಅಕ್ಕನನ್ನು ತೋಟಕ್ಕೆ ಕರೆದುಕೊಂಡು ಹೋದಳು. ಮರುವರ್ಷ ಅಕ್ಕ ಮೊಗ್ಗು ಬಿಡಿಸಿದಳು, ಆದರೆ ಎರಡೂ ಕೈಯಿಂದ ಅಲ್ಲ. ಒಂದು ಕೈ ಸೊಂಟದ ಮೇಲಿರುತ್ತಿತ್ತು. ಮೂವತ್ತೈದಕ್ಕೆಲ್ಲ ಮೊಳಕಾಲು ಹಿಡಿದುಕೊಂಡು ಏಳುವಂತಾದಳು. ಕೆಲವು ವರ್ಷ ಕಳೆದು ಸುಮಾ ದೊಡ್ಡವಳಾದಾಗ, ಮುಟ್ಟಿನ ಮೂರನೆಯ ದಿನವೇ ಅಕ್ಕ ಅವಳ ಕೈ ಹಿಡಿದು ಕಲ್ಲು ದಾಟಿಸಿ ತೋಟದೊಳಗೆ ಕರೆದೊಯ್ದಳಂತೆ. ಅತ್ತೆ ನೋಡಿಯೂ ನೋಡದಂತೆ ಬಗ್ಗಿ ಹೂವು ಬಿಡಿಸುತ್ತಿದ್ದಳಂತೆ. ಆ ವರ್ಷ ಮೊಗ್ಗು ಬೆಳ್ಳಗೇ ಬಂದವು.

ಕಳೆದ ತಿಂಗಳು ಆ ಬೆಂಚಿನ ಮೇಲೆ ನಾವು ಕೂತಿದ್ದಾಗ ಸುಮಾ ಒಂದು ಕಾಗದ ಹಿಡಿದು ಡಾಕ್ಟರ ಕೋಣೆಯಿಂದ ಹೊರಗೆ ಬಂದಳು. ಅವಳಿಗೆ ಈಗ ಮೂವತ್ತೆರಡು, ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಂತೇ ಇರುವ ಕೆಲಸ. ಆರು ತಿಂಗಳಿಂದ ಅವಳಿಗೂ ಮುಟ್ಟು ನಿಲ್ಲದು. ಗಡ್ಡೆ ಸಣ್ಣದಿದೆ, ಬೇರೆ ಚಿಕಿತ್ಸೆಗಳೂ ಇವೆ, ಅವು ನಿಧಾನ, ಗರ್ಭಕೋಶ ತೆಗೆಸುವುದಾದರೆ ಕಾಗದ ಓದಿ ಯೋಚನೆ ಮಾಡಿ ಬನ್ನಿ ಎಂದಿದ್ದರು ಡಾಕ್ಟರು. ಸುಮಾಗೆ ಯೋಚನೆ ಮಾಡಲು ಪುರುಸೊತ್ತಿರಲಿಲ್ಲ. ತಿಂಗಳಿಗೆ ನಾಲ್ಕು ದಿನ ರಜೆ ಕೇಳಿದರೆ ಅಂಗಡಿಯವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ, ಒಂದೇ ಸಲ ತೆಗೆಸಿ ಕೈ ತೊಳೆದುಕೊಳ್ಳುತ್ತೇನೆ ಎಂದು ನಿಂತಲ್ಲೇ ಪೆನ್ನಿನ ಮುಚ್ಚಳ ತೆಗೆದಳು. ತೋಟದ ಕಲ್ಲು ಅವಳಿಗಿರಲಿಲ್ಲ, ಇನ್ನೊಂದು ಕಲ್ಲು ಇತ್ತು.

ಅಕ್ಕ ಎದ್ದು ಅವಳ ಕೈಯಿಂದ ಕಾಗದ ತೆಗೆದುಕೊಂಡು ನನ್ನ ತೊಡೆಯ ಮೇಲೆ ಇಟ್ಟಳು.

"ನನಗ ಓದಾಕ ಬರತೈತಲ್ಲವ್ವ" ಎಂದಳು ಸುಮಾ.

"ನಿನಗ ಬರತೈತಿ. ಆಕಿ ಓದಲಿ" ಎಂದಳು ಅಕ್ಕ. ಆಮೇಲೆ ನನಗೆ, "ಬೆರಳಿಟ್ಟು ಓದು. ಅವಸರ ಇಲ್ಲ, ಈ ಬಸ್ಸು ಹೋದ್ರ ಇನ್ನೊಂದು ಐತಿ" ಎಂದಳು.

ನಾನು ಕನ್ನಡಕ ಹಾಕಿಕೊಂಡು ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟೆ. ಎರಡನೆಯದು ಓದಿದೆ, ಮೂರನೆಯದು ಓದಿದೆ. ಆ ಸಾಲು ಈ ಕಾಗದದಲ್ಲೂ ಇತ್ತು, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ. ನನ್ನ ಬೆರಳು ಅಲ್ಲಿ ನಿಂತಿತು. ಅಕ್ಕ ಪಕ್ಕದಲ್ಲಿ ಬಗ್ಗಿ ನನ್ನ ಬೆರಳನ್ನೇ ನೋಡುತ್ತಿದ್ದಳು. ಪ್ರತಿ ಪದವನ್ನೂ ಓದಿದೆ.

ಸುಮಾ ಪೆನ್ನು ಹಿಡಿದ ಕೈ ಕೆಳಗಿಳಿಸಿದಳು. ಹೊಟ್ಟಿನ ಕೋಣೆಯ ದಿನಗಳಲ್ಲಿ ಅವಳಿಗೆ ಐದು ವರ್ಷ. ಏನು ನೆನಪಿತ್ತೋ, ಯಾರೂ ಯಾವತ್ತೂ ಅವಳಿಗೆ ಹೇಳಿರಲಿಲ್ಲ. "ಚಿಗವ್ವ, ಇದನ್ನ ಇನ್ನೊಮ್ಮಿ ಓದು" ಎಂದಳು. ಓದಿದೆ. ಅವಳು ತಾಯಿಯ ಕಡೆ ತಿರುಗಿ, "ನಿನಗ ಆಗಿದ್ದು ಇದಾ?" ಎಂದು ಕೇಳಿದಳು.

"ಹೂಂ" ಎಂದಳು ಅಕ್ಕ. "ಕುಂದ್ರು. ಇನ್ನೂ ಒಂದು ಸಾಲು ಐತಿ."

ಸುಮಾ ಪೆನ್ನಿಗೆ ಮುಚ್ಚಳ ಹಾಕಿ ನಮ್ಮಿಬ್ಬರ ನಡುವೆ ಕೂತಳು. ನಾನು ಬೆರಳನ್ನು ಕೆಳಗಿನ ಸಾಲಿಗೆ ಸರಿಸಿದೆ.